ಮೂಗುರಾಯರ ಮೂರು ದಿನ

ಎಣ್ಣೆ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಮೂಗುರಾಯರು ಎನ್ನುತ್ತಿದ್ದರು. ಸೂರ್ಯಕಾಂತಿ ಎಣ್ಣೆಯನ್ನು ಕಾಯಿಸಿ ಅದರೊಳಗೆ ಹಬೆ ಹಾಯಿಸಿದರೆ ಕಮಟು ವಾಸನೆ ಹೊರಟುಹೋಗುತ್ತದೆ. ಆದರೆ ಕಾವು ಕೊಡುವ ಕೊಳವೆ ಸೋರಿದರೆ ಅದರೊಳಗಿನ ದ್ರವ ಎಣ್ಣೆಗೆ ಬೆರೆತು ವಿಷವಾಗುತ್ತದೆ. ಆ ಸಣ್ಣ ವಾಸನೆಯನ್ನು ಹಿಡಿಯುತ್ತಿದ್ದದ್ದು ಅವರ ಮೂಗೊಂದೇ. ಅವರು ಮೂಸಿ 'ಸರಿ' ಎಂದ ಮೇಲೆಯೇ ಲಾರಿ ಹೊರಡುತ್ತಿತ್ತು.

ಜ್ವರ ಬಿಟ್ಟು ಕೆಲಸಕ್ಕೆ ಮರಳಿದ ನಾಲ್ಕನೇ ಬೆಳಿಗ್ಗೆ ಅವರು ಒಲೆಯ ಪಕ್ಕ ಕುಳಿತು ಪೇಪರ್ ಓದುತ್ತಿದ್ದಾಗ ಹೆಂಡತಿ ಓಡಿಬಂದರು.

"ಅಯ್ಯೋ, ಹಾಲು ಸೀದು ಕರಕಲಾಗಿದೆ! ಇಲ್ಲೇ ಕೂತಿದ್ರೂ ವಾಸನೆ ಬರ್ಲಿಲ್ವಾ?"

ಅವರು ಪಾತ್ರೆ ಮೂಸಿದರು, ಸೋಪು ಮೂಸಿದರು. ಏನೂ ಬರಲಿಲ್ಲ. ಮೂರು ದಿನದಿಂದ ಎಣ್ಣೆಯಲ್ಲೂ ಏನೂ ಬಂದಿರಲಿಲ್ಲ. ಎಣ್ಣೆ ಎಷ್ಟು ಚೊಕ್ಕವಾಗಿದೆ ಎಂದು ಹಿಗ್ಗಿದ್ದರು.

ಚಪ್ಪಲಿ ಮೆಟ್ಟದೆಯೇ ಕಾರ್ಖಾನೆಗೆ ಓಡಿದರು.

"ಸಾರ್, ನನ್ನ ಮೂಗು ಸತ್ತೋಗಿದೆ. ಲಾರಿಗಳನ್ನ ನಿಲ್ಸಿ!"

ಮ್ಯಾನೇಜರು ಕೊಳವೆ ಬಿಚ್ಚಿಸಿದರು. ಕೂದಲೆಳೆಯಷ್ಟು ಬಿರುಕಿತ್ತು.

ಎರಡು ಲಾರಿ ದಾರಿಯಲ್ಲೇ ಸಿಕ್ಕವು. ಮೂರನೆಯದರ ಡಬ್ಬಗಳು ಒಂದು ಶಾಲೆಯ ಅಡುಗೆಮನೆಗೆ ಇಳಿದಿದ್ದವು. ಅಲ್ಲಿ ಫೋನ್ ಯಾರೂ ಎತ್ತಲಿಲ್ಲ. ಇಬ್ಬರೂ ಕಾರಿನಲ್ಲಿ ಧಾವಿಸಿದರು.

ಅವರು ತಲುಪಿದಾಗ ಮಕ್ಕಳು ಊಟ ಮುಗಿಸಿ ನಲ್ಲಿಯ ಮುಂದೆ ಸಾಲಾಗಿ ನಿಂತು, ನಗುತ್ತಾ ಕೈ ತೊಳೆಯುತ್ತಿದ್ದರು.