ಹೆಪ್ಪುಗಟ್ಟಿದ ಸರೋವರಕ್ಕೆ ಒಂದು ಹಿಡಿ ಉಪ್ಪು

ಮಡಿಕೇರಿಗೆ ಮಂಜು ನೋಡಲು ಬರುವವರನ್ನು ಕಂಡು ನಗುತ್ತಲೇ ಬೆಳೆದವನು ನಾನು. ಅಂಥವನು ವಿಶ್ವವಿದ್ಯಾಲಯದ ಒಂದು ಸೆಮಿನಾರಿನ ನೆಪದಲ್ಲಿ, ಗಾಳಿಬೀಡಿನಲ್ಲಿ ಕಾಫಿ ಬೆಳೆಯುವ ಅಕ್ಕನನ್ನೂ ಕರೆದುಕೊಂಡು, ಸ್ವೀಡನ್ನಿನ ಸರೋವರದ ದಡದ ಊರೊಂದಕ್ಕೆ ಫೆಬ್ರವರಿಯಲ್ಲಿ ಹೋದೆ. ಚಳಿಗಾಲದ ಆಟಗಳಿಗೆ ಹೆಸರಾದ ಊರಂತೆ. ಆಟವೆಂದರೆ ಇಷ್ಟೇ: ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವುದು, ಇಲ್ಲವೇ ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು, ಪಕ್ಕದಲ್ಲಿ ಸ್ಟೂಲ್ ಹಾಕಿ, ಬಾರದ ಮೀನಿಗೆ ಮಧ್ಯಾಹ್ನವಿಡೀ ಕಾಯುವುದು. ನಮ್ಮಲ್ಲಿ ಹೀಗೆ ಕೂತವನನ್ನು ಮನೆಯವರು ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಅಲ್ಲಿ ಅವನಿಗೆ ಕೋಟು, ಟೋಪಿ ಬಾಡಿಗೆಗೆ ಕೊಡುತ್ತಾರೆ. ಅಲ್ಲಿನ ಕಾಫಿ ಒಂದು ಗುಟುಕು ಕುಡಿದ ಅಕ್ಕ, "ಇದ್ ಎಂತ, ಲೋಟ ತೊಳ್ದ ನೀರಾ?" ಎಂದಿದ್ದಳು.

ಈ ಕಥೆಯನ್ನು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಕೊನೆಯಲ್ಲಿ ನಾನು ಮಂಜುಗಡ್ಡೆಯ ಮೇಲೆ ಎದುರಿನ ದ್ವೀಪದವರೆಗೆ ನಡೆಯುತ್ತೇನೆ. ಹೆದರಿದ ಅಕ್ಕ ದಡದಲ್ಲೇ ನಿಲ್ಲುತ್ತಾಳೆ. ಕಾಲಡಿಯಲ್ಲಿ ಮಂಜುಗಡ್ಡೆ ನರಳಿದ ಸದ್ದನ್ನೂ ಬಾಯಲ್ಲಿ ಮಾಡಿ ತೋರಿಸುತ್ತೇನೆ.

ಕಳೆದ ಹುತ್ತರಿ ಹಬ್ಬಕ್ಕೆ ಅಕ್ಕನ ಮನೆಯಲ್ಲಿ ನೆಂಟರ ಸಾಲಿನಲ್ಲಿ ಊಟಕ್ಕೆ ಕೂತು ಅದನ್ನೇ ಹೇಳುತ್ತಿದ್ದೆ. ಬಡಿಸುತ್ತಿದ್ದ ಅಕ್ಕನ ಸೌಟು ನಿಂತಿತು.

"ತಮ್ಮಾ, ನಡ್ದದ್ ನಾನ್. ನೀ ಪ್ಯಾಂಟಿನ ತುದಿ ಕಾಲ್ಚೀಲದೊಳಗೆ ತುರ್ಕಿ, ಬೂಟಿಗೆ ಉಪ್ಪು ಉಜ್ತಾ ದಡಲಿ ನಿಂತಿದ್ದೆ."

"ಸ್ವೀಡನ್‌ಲಿ ಜಿಗಣೆ ಉಟ್ಟಾ?" ಎಂದರು ಬಾವ.

"ಇಲ್ಲೆ. ಆದ್ರೆ ಓದಿದವಂಗೆ ಯಾವುದ್ರ ಮೇಲೆ ನಂಬಿಕೆ ಉಟ್ಟು ಹೇಳಿ!"

ಸಾಲಿಗೆ ಸಾಲೇ ನಕ್ಕಿತು. ಮಳೆಗಾಲದಲ್ಲಿ ತೋಟಕ್ಕಿಳಿಯುವ ಮುನ್ನ ಜಿಗಣೆ ಹತ್ತದಂತೆ ಕಾಲಿಗೆ ಉಪ್ಪು ಸವರುವುದು ನಮ್ಮ ರೂಢಿ, ನಿಜ. ಆದರೆ ಹಿಮದ ಮೇಲೆ? ನಾನು ಅಷ್ಟು ಪೆದ್ದನೇ? ನೆನಪು ನಂಬಲರ್ಹ ಸಾಕ್ಷಿಯಲ್ಲ ಎಂದು ಊರಿಗೆಲ್ಲ ಉಪದೇಶ ಮಾಡಿದವನು ನಾನು. ತಪ್ಪು ಅವಳ ನೆನಪಿನದೇ ಎಂದು ತೋರಿಸಲು, ಎಡಗೈಯಿಂದ ಫೋನ್ ತೆಗೆದು ಆ ಪ್ರವಾಸದ ಫೋಟೊ ಹುಡುಕಿದೆ.

ಸಿಕ್ಕಿತು. ದೂರದಲ್ಲಿ, ದ್ವೀಪದ ಹತ್ತಿರ, ಬಾಡಿಗೆಯ ಕೆಂಪು ಕೋಟು ತೊಟ್ಟ ಅಕ್ಕ ಕಾಫಿ ಹಣ್ಣಿನಷ್ಟು ಕಾಣುತ್ತಿದ್ದಳು. ಕೆಳಗಿನ ಅಂಚಿನಲ್ಲಿ ದಡದ ಬೇಲಿ, ಬೇಲಿಯ ಮೇಲೆ ಬಿಚ್ಚಿದ ಉಪ್ಪಿನ ಪೊಟ್ಟಣ. ಫೋಟೊ ತೆಗೆದವನು ನಾನೇ.

"ಹಂಗಾರೆ ಆ ಸದ್ದು?" ಎಂದೆ.

"ವಾಪಸ್ ಬರ್ವಾಗ ಬಸ್ಸ್‌ಲಿ ನಾನೇ ನಿಂಗೆ ಹೇಳಿದ್."

ಮೀನಿಗೆ ಕಾಯುವವರನ್ನೂ ಆ ತಿಳಿನೀರಿನ ಕಾಫಿಯನ್ನೂ ಮತ್ತೊಮ್ಮೆ ಬೈಯತೊಡಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಅಕ್ಕನ ಕಡೆ ತಿರುಗಿದ್ದರು. "ದ್ವೀಪಲಿ ಎಂತ ಇತ್ತು?" ಎಂದು ಬಾವ ಕೇಳಿದರು. ಇಷ್ಟು ವರ್ಷಗಳಲ್ಲಿ ಅವರೂ ಅವಳನ್ನು ಕೇಳಿರಲಿಲ್ಲ.

"ಎಂತ ಇಲ್ಲೆ. ಒಂದ್ ಬೆಂಚು. ಅದ್ರ ಮೇಲಿನ ಹಿಮ ಒರೆಸಿ ಕೂತೆ. ಇವ ಅಲ್ಲಿಂದ ಕೈ ಬೀಸ್ದ, ನಾನೂ ಬೀಸ್ದೆ."

ನನ್ನ ಕಥೆಯಲ್ಲಿ ಆ ಬೆಂಚು ಎಂದೂ ಇರಲಿಲ್ಲ.