ಬಾಂದದ ಆಚೆ ರೇವವ್ವ

ಅಣ್ಣಿಗೇರಿಯ ಎರೆಹೊಲ ಬಿಟ್ಟು ಸರಕು ಹಡಗು ಹತ್ತಿದವನು ಹೊಳೆಪ್ಪ. ರಜೆಗೆ ಬಂದಾಗಲೆಲ್ಲ ತಮ್ಮ ಸುಭಾಸನನ್ನು ಬಾಜು ಕೂರಿಸಿಕೊಂಡು ದೂರದ ಸಮುದ್ರದಲ್ಲಿ ಒಂದು ದೇಶ ಇನ್ನೊಂದರ ನೀರು ಕಬಳಿಸುವ ತಂಟೆ ಹೇಳುತ್ತಿದ್ದ.

“ಯಾರೂ ಗುಂಡು ಹಾರ್ಸೂದಿಲ್ಲಲೇ. ಮೊದಲ ಮೀನ ಹಿಡಿಯೋ ದೋಣಿ ಬರ್ತಾವು. ಆಮ್ಯಾಲೆ ನಡುನೀರಿನ ಕಲ್ಲದಿಬ್ಬದ ಮ್ಯಾಲ ಒಂದು ಗುಡಿಸಲಾ, ಮಳಿಗೆ ಆಸರಕ್ಕ ಅಂತ. ಕಡೀಕ ಕಾವಲು ಹಡಗ.”

“ಕಾಯ್ದೆ ಇಲ್ಲೇನು?”

“ಐತಿ. ತೀರ್ಪೂ ಬರತೈತಿ. ನಡಸವ್ರು ಯಾರು? ಅದಕ್ಕ ಪ್ರತಿ ಸಲ ತಕರಾರು ಮಾಡಬೇಕು. ಸುಮ್ನ ಕುಂತ್ರ ಒಪ್ಪಿದಂಗ.”

ಸುಭಾಸ ಅಗದಿ ಕಿವಿಗೊಟ್ಟು ಕೇಳುತ್ತಿದ್ದ. ಎಂಥ ಮುದ್ದು ತಮ್ಮ ಎಂದು ಹೊಳೆಪ್ಪ ಹಿಗ್ಗುತ್ತಿದ್ದ. ಹಾವಿಗೆ ಹಾಲೆರೆಯುವವನಿಗೆ ಹಾವೆಂದು ಗೊತ್ತಿರುತ್ತದೆಯೇ?

ಅಣ್ಣತಮ್ಮಂದಿರ ಹೊಲ ಅಕ್ಕಪಕ್ಕ, ನಡುವೆ ಗಡಿಯ ಬಾಂದ. ಹೊಳೆಪ್ಪನ ಹೊಲದಂಚಿನ ಬೇವಿನ ಮರದಡಿ ಅವನ ಹೆಂಡತಿ ರೇವವ್ವನನ್ನು ಮಣ್ಣು ಮಾಡಿದ ಗದ್ದಿಗೆ. ಅವಳು ತೀರಿಕೊಂಡಾಗ ಅವನು ನಡುನೀರಲ್ಲಿದ್ದ, ಮುಖ ಸಹ ನೋಡಲಿಲ್ಲ. ಸತ್ತ ಮೇಲಾದರೂ ಅವಳ ಮಗ್ಗುಲಲ್ಲಿರಬೇಕು, ಅದೊಂದೇ ಆಸೆ.

ಎಳ್ಳಮಾಸಿಗೆ ಹೊಲದ ಯಜಮಾನ ತನ್ನ ಬೆಳೆಯಲ್ಲಿ ಚರಗ ಚೆಲ್ಲುವುದು, ಅಂದರೆ ಭೂಮ್ತಾಯಿಗೆ ಎಡೆ ಹಾಕುವುದು, ಇಲ್ಲಿಯ ಪದ್ಧತಿ. ಒಂದು ವರ್ಷ ಸುಭಾಸ ಗದ್ದಿಗೆಯ ಸುತ್ತಲೂ ಚರಗ ಚೆಲ್ಲಿದ. “ವೈನಿ ನಮಗ ಅವ್ವ ಇದ್ದಂಗ” ಎಂದ. ಹೊಳೆಪ್ಪನ ಕಣ್ಣು ತುಂಬಿ ಬಂತು. ಅಲ್ಲೇ ಕೂತು, ಊರ ಹಿರಿಯರ ಜೊತೆ ರೊಟ್ಟಿ, ಎಣಗಾಯಿ ಉಂಡ.

ಪ್ರತಿ ಬಿತ್ತಿಗೆಗೂ ಟ್ರ್ಯಾಕ್ಟರ್ ತಿರುಗಿಸುವ ನೆಪದಲ್ಲಿ ಸುಭಾಸ ಒಂದೊಂದು ಸಾಲು ಅಣ್ಣನ ಕಡೆ ಸರಿಯುತ್ತ ಬಂದ. ಹೊಳೆಪ್ಪ ನೌಕರಿ ಮುಗಿಸಿ ಬಂದು ನೋಡುತ್ತಾನೆ, ಬಾಂದ ಬೇವಿನ ಮರ ದಾಟಿದೆ! ರೇವವ್ವ ತಮ್ಮನ ಕಡಲೆ ಹೊಲದೊಳಗಿದ್ದಾಳೆ.

ಮೋಜಣಿಯವರು ಅಳೆದು, ಜಾಗ ಹೊಳೆಪ್ಪನದೇ ಎಂದರು. ಕಲ್ಲು ನೆಟ್ಟರು. ವಾರದೊಳಗೆ ಕಲ್ಲು ಮಾಯ. ಆಗ ಹಿರಿಯರು ಕೂಡಿದರು.

“ಅಲ್ಲಿ ಚರಗ ಚೆಲ್ಲಿದವ ನಾನು,” ಎಂದ ಸುಭಾಸ. “ನೀವೆಲ್ಲಾ ಇದ್ರಿ. ಇಂವ ಬೀಗರಂಗ ಕುಂತು ಉಂಡಾನ. ತಕರಾರು ಮಾಡಿದ್ನೇನ್ರಿ?” ಅಣ್ಣನ ಕಡೆ ತಿರುಗಿದ. “ಸುಮ್ನ ಕುಂತ್ರ ಒಪ್ಪಿದಂಗ. ನೀನ ಹೇಳಿದ್ದಲ್ಲ ಅಣ್ಣಾ?”

ಹಿರಿಯರು ನೆಲ ನೋಡಿದರು. ಹೊಳೆಪ್ಪ ಎದ್ದು ತಮ್ಮನೆದುರು ನಿಂತ.

“ನಾ ಸತ್ರ ಎಲ್ಲಿ ಇಡತೀಯೋ ನನ್ನ?”

“ವೈನಿ ಬಾಜೂಕ. ಜಾಗಾ ಕೊಡು ಅಂತ ಕೇಳು, ಬ್ಯಾಡ ಅಂತೀನೇನು?”

ಕೇಳಿದರೆ ಜಾಗ ತಮ್ಮನದೆಂದು ಎಲ್ಲರೆದುರು ಒಪ್ಪಿದಂತೆ. ಕಡಲೆಲ್ಲ ತಿರುಗಿದ ಹೊಳೆಪ್ಪನಿಗೆ ಅದು ಗೊತ್ತಿಲ್ಲವೇ? ಆದರೂ ತಮ್ಮನ ಮುಂದೆ ಕೈಯೊಡ್ಡಿದ.

“ಕೊಡಪಾ,” ಎಂದ.