ಕಾಕಾನ ಮೂರನೆಯ ಕಿಡ್ನಿ

ಮೊನ್ನೆ ಅಣ್ಣಿಗೇರಿಯ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದವರೊಬ್ಬರು ಹೊಳೆಯುವ ಹಾಳೆಯಿಂದ ಒಂದು ಗುಳಿಗೆಯನ್ನು ಒತ್ತಿ ತೆಗೆದರು. ಘಾಟು ಬಂತು. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಶಲವಡಿಯ ಕಾಕಾನ ಮನೆ ನೆನಪಾಯಿತು; ಕಿಡ್ನಿ ಹಾಕಿಸಿಕೊಂಡ ಮೇಲೆ ಅವನು ದಿನಾ ನುಂಗುವ ಗುಳಿಗೆಯದೂ ಇದೇ ಘಾಟು. ಮೂಗಿಗೆ ಯಾವುದನ್ನು ನೆನಪಿಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಇರುವುದಿಲ್ಲ ನೋಡಿ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಅವನ ಎರಡೂ ಕಿಡ್ನಿ ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವಳು ಅವನ ಹೆಂಡತಿ, ನಮ್ಮ ಚಿಗವ್ವ. ಹಳೆಯವನ್ನು ತೆಗೆಯುವುದಿಲ್ಲವಂತೆ, ಹೊಸದನ್ನು ಕೆಳಹೊಟ್ಟೆಯಲ್ಲಿ ಕೂಡಿಸುತ್ತಾರಂತೆ. ಹೀಗಾಗಿ ಕಾಕಾನಿಗೆ ಮೂರಾದವು, ಚಿಗವ್ವನಿಗೆ ಒಂದು ಉಳಿಯಿತು. ಆ ಮನೆಯಲ್ಲಿ ಎಲ್ಲದರ ಹಂಚಿಕೆಯೂ ಹೆಚ್ಚುಕಡಿಮೆ ಹೀಗೇ ಇತ್ತು.

ಆಗ ಗಂಡಹೆಂಡಿರ ನಡುವೆ ಮಾತಿರಲಿಲ್ಲ. ಎಷ್ಟೋ ವರ್ಷಗಳ ಹಿಂದೆ ಮಿಶ್ರಿಕೋಟಿಯಲ್ಲಿ ಚಿಗವ್ವನ ತಾಯಿ ಹಾಸಿಗೆ ಹಿಡಿದಿದ್ದಳು. ಹೊಲದ ಕಡ್ಲಿ ಕಿತ್ತ ಮೇಲೆ ಹೋದರಾಯಿತು ಎಂದಿದ್ದ ಕಾಕಾ. ಕಡ್ಲಿ ಮುಗಿಯುವ ಮೊದಲೇ ಮುದುಕಿ ಹೋದಳು. ತಾಯಿಯ ಮಣ್ಣಿಗಷ್ಟೇ ಹೋಗಿ ಮುಟ್ಟಿದ ಚಿಗವ್ವ ತಿರುಗಿ ಬಂದು, ರೊಟ್ಟಿ ಬಡಿದು ಗಂಡನ ಮುಂದಿಟ್ಟಳು. ಮಾತು ಮಾತ್ರ ಆಡಲಿಲ್ಲ. ಅಂದಿನಿಂದ ಹೇಳುವುದಿದ್ದದ್ದನ್ನು ಎಮ್ಮೆಗೆ ಹೇಳುತ್ತಿದ್ದಳು. ಕಾಕಾನೂ ಎಮ್ಮೆಗೇ ಉತ್ತರ ಕೊಡುತ್ತಿದ್ದ. ನಮ್ಮ ಮನೆತನದ ಸಂಗತಿಗಳು ನನಗಿಂತ ಆ ಎಮ್ಮೆಗೆ ಚೆನ್ನಾಗಿ ಗೊತ್ತಿದ್ದವು.

ಆಸ್ಪತ್ರೆಯಲ್ಲಿ ಕಿಡ್ನಿ ಕೊಡುವವರನ್ನು ಒಬ್ಬರನ್ನೇ ಕೂಡಿಸಿ, ಯಾರಾದರೂ ಒತ್ತಾಯ ಮಾಡಿದ್ದಾರೇನು ಎಂದು ಕೇಳುವ ಪದ್ಧತಿ ಇದೆ. ಹೊರಬಂದ ಚಿಗವ್ವನನ್ನು ಏನು ಹೇಳಿದೆ ಎಂದು ಕೇಳಿದೆ.

"ಒತ್ತಾಯ ಮಾಡಾಕ ಮೊದಲ ಮಾತಾಡಬೇಕಲ್ರಿ, ಅಂತ ಹೇಳಿದೆ," ಎಂದಳು. ಚಪ್ಪಲಿ ಮೆಟ್ಟುತ್ತಾ, "ನಮ್ಮವ್ವ ಹೋಗೂಮುಂದ ನಾ ಬಾಜು ಇರಲಿಲ್ಲ. ಇಲ್ಲಿ ಅದೀನಲ್ಲ," ಎಂದಳು.

ಆಪರೇಶನ್ ಆದ ಮೇಲೆ ಹುಬ್ಬಳ್ಳಿಯ ಹೆಣ್ಣು ಡಾಕ್ಟರೊಬ್ಬರು, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಾರು, ಆಗಾಗ ಶಲವಡಿಗೆ ಬರತೊಡಗಿದರು. ಕಿಡ್ನಿ ಹಾಕಿಸಿಕೊಂಡು ಹಳ್ಳಿಗೆ ಮರಳಿದವರು ಮುಂದೆ ಹೇಗೆ ಬಾಳುತ್ತಾರೆ ಎಂಬುದು ಅವರ ಸಂಶೋಧನೆ. ಕಟ್ಟೆಯ ಮೇಲೆ ಕೂತು ಊಟ, ನೀರು, ನಿದ್ದೆ ಎಲ್ಲ ಕೇಳುತ್ತಿದ್ದರು. ಗುಳಿಗೆ ಯಾರು ನೆನಪಿಸುತ್ತಾರೆ ಎಂದು ಕೇಳಿದಾಗ ಕಾಕಾ ಸತ್ಯವನ್ನೇ ಹೇಳಿದ, ಎಮ್ಮೆಗೆ ಹೇಳತಾಳ್ರಿ, ನಾ ಕೇಳಿ ತಗೋತೀನಿ ಎಂದು. ಬಾಯಾರು ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದರು.

ಕೆಲವು ವರ್ಷಗಳ ನಂತರ ಅವರ ಪ್ರಬಂಧ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ನನಗೊಂದು ಪ್ರತಿ ಕಳಿಸಿದರು. ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು. ಕಿಡ್ನಿ ಯಾವ ಬದಿಗಿದೆ ಎಂದು ಕೇಳಿದರೆ ತಡವರಿಸುತ್ತೇನೆ. ಆದರೂ ಶಲವಡಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, ಕನ್ನಡದಲ್ಲಿ ಅರ್ಥ ಹೇಳಿದೆ. ಗಂಡಹೆಂಡಿರ ನಡುವೆ ಕೊಟ್ಟ ಕಿಡ್ನಿ ಒಡಹುಟ್ಟಿದವರದರಷ್ಟು ಹೊಂದುವುದಿಲ್ಲ, ಆದರೂ ಚೆನ್ನಾಗಿ ಬಾಳುತ್ತದೆ. ಮನೆಯಲ್ಲಿ ಗುಳಿಗೆಗೆ ಕಾವಲು ಇರುವುದೂ ಒಂದು ಕಾರಣ ಇರಬಹುದು ಎಂದು ಬರೆದಿದ್ದರು.

ಕಾಕಾ ಕೇಳಿದ: "ನಮ್ಮದು ಹೊಂದಂಗಿಲ್ಲಂತ ಬರದಾರೇನು?"

ಹೌದೆಂದೆ.

ಅಡಿಗೆಮನೆಯಿಂದ ಚಿಗವ್ವನ ದನಿ ಬಂತು. "ಅದನ್ನ ತಿಳಕೊಳ್ಳಾಕ ನಿಮಗ ಡಾಕ್ಟರು ಬೇಕಾದ್ರೇನು?"

ಎಮ್ಮೆ ಹೊಲಕ್ಕೆ ಹೋಗಿತ್ತು. ಕಾಕಾನಿಗೂ ಅದು ಹೊಳೆದಿರಬೇಕು. ಬಾಗಿಲ ಕಡೆ ತಿರುಗಿ ಕೂತ.

"ಅವತ್ತ ನಿನ್ನ ಕಳಸಬೇಕಾಗಿತ್ತು," ಎಂದ.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಹೌದು, ಕಳಸಬೇಕಾಗಿತ್ತು," ಎಂದಳು ಚಿಗವ್ವ. ಸಪ್ಪಳ ಮತ್ತೆ ಸುರುವಾಯಿತು. ನಾನು ಪ್ರಬಂಧವನ್ನು ಮಡಚಿದೆ. ಮುಂದಿನ ಪುಟದ ಕೋಷ್ಟಕಗಳು ನನಗೆ ಹೇಗೂ ತಿಳಿದಿರಲಿಲ್ಲ.

ಮೊನ್ನೆ ಔಷಧಿ ಅಂಗಡಿಯಿಂದ ಹೊರಬಂದವನೇ ಶಲವಡಿಗೆ ಫೋನ್ ಹಚ್ಚಿದೆ. ಕಿಡ್ನಿ ಅಗದಿ ಚಲೋ ನಡದೈತಿ ಎಂದ ಕಾಕಾ. ತನ್ನದದು, ಚಲೋನೇ ಇರತೈತಿ ಎಂದು ಹಿಂದಿನಿಂದ ಚಿಗವ್ವ ಅಂದಳು. ಕೊಟ್ಟ ಮೇಲೆ ಅದು ಯಾರದು ಎಂದು ಕಾಕಾ ವಾದಕ್ಕಿಳಿದ. ಅವಳು ಬಿಡಲಿಲ್ಲ. ನನ್ನನ್ನು ಇಬ್ಬರೂ ಮರೆತರು, ಫೋನ್ ಇಡುವುದನ್ನೂ ಮರೆತರು. ಜಗಳ ಕಂಡರೆ ದೂರ ಸರಿಯುವ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಪೂರ್ತಿ ಕೇಳಿಸಿಕೊಂಡೆ.